ಆಯಾ ಕಾಲದ ಹಣ್ಣು, ದಿನಕ್ಕೊಂದು ಹಿಡಿ ಬೀಜ: ಯಾರು, ಎಷ್ಟು, ಹೇಗೆ ತಿನ್ನಬೇಕು?

ಪ್ರಶ್ನೆ: ನನಗೆ 41 ವರ್ಷ. ಇತ್ತೀಚಿನ ತಪಾಸಣೆಯಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್) 6.1, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ 142 ಬಂದಿದೆ. ಮಾತ್ರೆ ಇನ್ನೂ ಶುರುವಾಗಿಲ್ಲ. ಆಯಾ ಕಾಲದ ಹಣ್ಣು, ಬಾದಾಮಿ, ಅಕ್ರೋಟ್ ತಿನ್ನಿ ಎನ್ನುವವರೇ ಹಣ್ಣಿನಿಂದ ಶುಗರ್ ಏರುತ್ತದೆ, ಬೀಜದಿಂದ ಕೊಬ್ಬು ಏರುತ್ತದೆ ಎಂದೂ ಹೆದರಿಸುತ್ತಾರೆ. ಮನೆಯಲ್ಲಿ 72 ವರ್ಷದ ತಾಯಿ ಇದ್ದಾರೆ. ಅವರು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಕಿಡ್ನಿ ಸ್ವಲ್ಪ ನಿಧಾನವಾಗಿದೆ ಎಂದು ವೈದ್ಯರು ಹೇಳಿದ್ದಾರೆ. 3 ವರ್ಷದ ಮಗಳಿದ್ದಾಳೆ. ಯಾವ ಹಣ್ಣು ಎಷ್ಟು ತಿನ್ನಬಹುದು, ಊಟಕ್ಕೆ ಮೊದಲೋ ನಂತರವೋ, ಜ್ಯೂಸ್ ಆಗುತ್ತದೆಯೇ, ಬಾದಾಮಿ ನೆನೆಸಲೇಬೇಕೇ? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಮೊದಲು ನಿಮ್ಮ ಮಟ್ಟಿಗೆ ಹೇಳಿಬಿಡುತ್ತೇವೆ. ಹಣ್ಣು ಬಿಡಬೇಡಿ, ಜ್ಯೂಸ್ ಬಿಡಿ. ಇಡೀ ಹಣ್ಣು ದಿನಕ್ಕೆ ಎರಡು ಸಲ, ಪ್ರತಿ ಸಲ ಒಂದು ಅಳತೆ. ಆ ಅಳತೆ ಎಷ್ಟೆಂಬುದು ಮುಂದಿದೆ. ಉಪ್ಪು, ಸಕ್ಕರೆ ಸೇರಿಸದ ಬೀಜ ದಿನಕ್ಕೆ 30 ಗ್ರಾಂ, ಅದೂ ಬೇರೆ ಯಾವುದಾದರೂ ತಿಂಡಿಯನ್ನು ಕೈಬಿಟ್ಟು ಅದರ ಜಾಗದಲ್ಲಿ. ಈ ಲೆಕ್ಕ ನಿಮ್ಮ ತಾಯಿಯವರಿಗೆ ಹೊಂದುವುದಿಲ್ಲ. ಮಗಳಿಗಂತೂ ಬೀಜವನ್ನು ಇಡಿಯಾಗಿ ಕೊಡುವಂತೆಯೇ ಇಲ್ಲ. ಅವರಿಬ್ಬರ ವಿಷಯವನ್ನು ಕೊನೆಯ ಭಾಗದಲ್ಲಿ ಬೇರೆಯಾಗಿ ಹೇಳಿದ್ದೇವೆ. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹಿಂದಿನ ಹಂತ, 6.5 ಮುಟ್ಟಿದರೆ ಮಧುಮೇಹ. ನೀವಿರುವ ಜಾಗದಿಂದ ಹಿಂದಕ್ಕೆ ಬರುವುದು ಸಾಧ್ಯ. ಊಟ ತಿದ್ದಿಕೊಂಡರೆ ಹೆಚ್ಚು ಫಲ ಸಿಗುವುದೂ ಈ ಹಂತದಲ್ಲೇ.

ಒಂದೊಂದು ಕಾಲದ ಹಣ್ಣಿನಲ್ಲಿ ಆ ಕಾಲದ ಕಾಯಿಲೆಗೆ ಮದ್ದಿರುತ್ತದೆ ಎಂಬ ಮಾತು ಕೇಳಲು ಚೆನ್ನ, ಆದರೆ ಆಧಾರವಿಲ್ಲ. ಚಳಿಗಾಲದ ಕಿತ್ತಳೆಯನ್ನೇ ತೆಗೆದುಕೊಳ್ಳಿ. ವಿಟಮಿನ್ ಸಿ ಮತ್ತು ನೆಗಡಿಯ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿದ 2013ರ ಕೊಕ್ರೇನ್ ವಿಮರ್ಶೆಯ ಪ್ರಕಾರ, ದಿನವೂ ವಿಟಮಿನ್ ಸಿ ತೆಗೆದುಕೊಂಡ ಸಾಮಾನ್ಯ ಜನರಿಗೆ ನೆಗಡಿ ಬರುವುದೇನೂ ಕಡಿಮೆಯಾಗಲಿಲ್ಲ. ಬಂದ ನೆಗಡಿಯ ಅವಧಿ ದೊಡ್ಡವರಲ್ಲಿ ಶೇ 8ರಷ್ಟು, ಮಕ್ಕಳಲ್ಲಿ ಶೇ 14ರಷ್ಟು ಇಳಿಯಿತು, ಅಷ್ಟೆ. ಕಾಲದ ಹಣ್ಣಿನ ಲಾಭ ಇರುವುದು ಬೇರೆ ಕಡೆ. ಅದು ಗಿಡದಲ್ಲೇ ಚೆನ್ನಾಗಿ ಬಲಿತಿರುತ್ತದೆ, ಕೊಯ್ದು ಹೆಚ್ಚು ದಿನ ಆಗಿರುವುದಿಲ್ಲ, ಅಗ್ಗವಾಗಿ ಸಿಗುವುದರಿಂದ ಸಾಕಷ್ಟು ತಿನ್ನಲು ಆಗುತ್ತದೆ. ಕಾಲ ತಿರುಗಿದಂತೆ ಬುಟ್ಟಿಯಲ್ಲಿನ ಹಣ್ಣೂ ಬದಲಾಗುತ್ತದೆ. ಈ ಕೊನೆಯದನ್ನು ನಾವು ಎಲ್ಲಕ್ಕಿಂತ ದೊಡ್ಡ ಲಾಭವೆಂದು ಎಣಿಸುತ್ತೇವೆ. ಮಾವು, ಪಪ್ಪಾಯದ ಹಳದಿಯಲ್ಲಿ ಕೆರೋಟಿನ್ ಇದೆ, ಕಲ್ಲಂಗಡಿಯ ಕೆಂಪಿನಲ್ಲಿ ಲೈಕೋಪಿನ್, ನೇರಳೆ ಮತ್ತು ಕಪ್ಪು ದ್ರಾಕ್ಷಿಯ ಬಣ್ಣದಲ್ಲಿ ಆಂಥೋಸಯನಿನ್. ವರ್ಷಪೂರ್ತಿ ಸೇಬು, ಬಾಳೆಹಣ್ಣು ಎರಡನ್ನೇ ತಿನ್ನುವ ಮನೆಗೆ ಇವು ಯಾವುವೂ ಸರಿಯಾಗಿ ಸಿಗುವುದಿಲ್ಲ. 100 ಗ್ರಾಂ ಸೇಬಿನಲ್ಲಿ ವಿಟಮಿನ್ ಸಿ 5 ಮಿಲಿಗ್ರಾಂನಷ್ಟೂ ಇಲ್ಲ. ಅದೇ ತೂಕದ ಕಿತ್ತಳೆಯಲ್ಲಿ ಸುಮಾರು 53, ಪಪ್ಪಾಯದಲ್ಲಿ 60, ಸೀಬೆಯಲ್ಲಿ 200ಕ್ಕೂ ಹೆಚ್ಚು ಇದೆ.

ಕಾಲ ಮೀರಿ ಸಿಗುವ ಹಣ್ಣು ಕೆಟ್ಟದ್ದೆಂದೇನೂ ಅಲ್ಲ. ತಿಂಗಳುಗಟ್ಟಲೆ ಶೀತಲ ಗೋದಾಮಿನಲ್ಲಿದ್ದ ಸೇಬಿನ ನಾರು, ಖನಿಜಗಳು ಹಾಗೇ ಉಳಿದಿರುತ್ತವೆ, ವಿಟಮಿನ್ ಸಿ ಮಾತ್ರ ಇಳಿಯುತ್ತದೆ. ಕಿತ್ತಳೆ ಜಾತಿಯ ಹಣ್ಣುಗಳಲ್ಲಿ ಹುಳಿಯಂಶ ಮತ್ತು ದಪ್ಪ ಸಿಪ್ಪೆ ಇರುವುದರಿಂದ ಅದು ಹೆಚ್ಚು ಕಾಲ ನಿಲ್ಲುತ್ತದೆ. ಕೊಯ್ಲಾದ ಕೂಡಲೇ ಘನೀಕರಿಸಿದ, ಸಕ್ಕರೆ ಸೇರಿಸದ ಹಣ್ಣಿನ ತುಂಡುಗಳೂ ಪೋಷಣೆಯಲ್ಲಿ ತಾಜಾ ಹಣ್ಣಿಗೆ ಬಹಳ ಹತ್ತಿರ. ತೊಂದರೆ ಬರುವುದು ಎಳೆಯದನ್ನೇ ಕಿತ್ತು ದೂರ ಸಾಗಿಸಿದ ಹಣ್ಣಿನಲ್ಲಿ. ಯಾವ ಹಣ್ಣು ಕಿತ್ತ ಮೇಲೆ ಮಾಗುತ್ತದೆ, ಯಾವುದು ಮಾಗುವುದಿಲ್ಲ ಎಂದು ತಿಳಿದಿದ್ದರೆ ಕೊಳ್ಳುವಾಗ ಮೋಸ ಹೋಗುವುದಿಲ್ಲ.

ಮಾವು, ಬಾಳೆ, ಪಪ್ಪಾಯ, ಸಪೋಟ, ಸೀತಾಫಲ, ಹಲಸು, ಸೀಬೆ, ಸೇಬು, ಬೆಣ್ಣೆಹಣ್ಣು ಇವೆಲ್ಲ ಕಿತ್ತ ಮೇಲೂ ಎಥಿಲೀನ್ ಎಂಬ ಅನಿಲವನ್ನು ತಾವೇ ಹೊರಬಿಡುತ್ತ ಮಾಗುತ್ತವೆ. ಚೆನ್ನಾಗಿ ಬಲಿತ ಕಾಯಿ ತಂದು ಮನೆಯಲ್ಲಿ ಹಣ್ಣು ಮಾಡಿಕೊಳ್ಳಬಹುದು. ದ್ರಾಕ್ಷಿ, ಕಿತ್ತಳೆ, ಮೂಸಂಬಿ, ದಾಳಿಂಬೆ, ಅನಾನಸ್, ಕಲ್ಲಂಗಡಿ, ಸ್ಟ್ರಾಬೆರಿ, ಲಿಚಿ ಹಾಗಲ್ಲ. ಕಿತ್ತ ದಿನ ಎಷ್ಟು ಸಿಹಿಯೋ ಅಷ್ಟೇ. ಹುಳಿ ದ್ರಾಕ್ಷಿಯನ್ನು ನಾಲ್ಕು ದಿನ ಇಟ್ಟರೆ ಸುಕ್ಕಾಗುತ್ತದೆಯೇ ಹೊರತು ಸಿಹಿಯಾಗುವುದಿಲ್ಲ. ಈ ಎರಡನೆಯ ಗುಂಪಿನ ಹಣ್ಣನ್ನು ಅದರ ಸುಗ್ಗಿಯಲ್ಲೇ ಕೊಳ್ಳಿ, ರುಚಿ ನೋಡಿ ಕೊಳ್ಳಿ.

ಮೊದಲ ಗುಂಪಿನಲ್ಲಿ ಹೆಚ್ಚಿನವರು ತಪ್ಪುವುದು ಫ್ರಿಜ್ ವಿಷಯದಲ್ಲಿ. ಮಾವು, ಬಾಳೆಗೆ ಸುಮಾರು 12–13 ಡಿಗ್ರಿಗಿಂತ ಕೆಳಗಿನ ತಂಪು ಪೆಟ್ಟು ಕೊಡುತ್ತದೆ. ಮನೆಯ ಫ್ರಿಜ್ ಇರುವುದು 4 ಡಿಗ್ರಿಯ ಆಸುಪಾಸಿನಲ್ಲಿ. ಕಾಯಿಯಾಗಿದ್ದಾಗಲೇ ಒಳಗಿಟ್ಟರೆ ಮಾಗಿಸುವ ಕಿಣ್ವಗಳ ಕೆಲಸ ಕೆಡುತ್ತದೆ. ಆಮೇಲೆ ಹೊರಗೆ ತೆಗೆದಿಟ್ಟರೂ ಸಿಪ್ಪೆ ಕಪ್ಪಾಗಿ, ತಿರುಳು ರಬ್ಬರಿನಂತೆ ಗಟ್ಟಿಯಾಗಿ, ಪರಿಮಳವೇ ಬರದೆ ಉಳಿಯುತ್ತದೆ. ಕಾಯನ್ನು 20ರಿಂದ 25 ಡಿಗ್ರಿಯ ನೆರಳಿನಲ್ಲಿ, ಒಂದರ ಮೇಲೊಂದು ಒತ್ತದಂತೆ ಇಡಿ. ಬೇಗ ಆಗಬೇಕೆಂದರೆ ಕಾಗದದ ಚೀಲದಲ್ಲಿ ಒಂದು ಮಾಗಿದ ಬಾಳೆಹಣ್ಣಿನ ಜೊತೆ ಇಟ್ಟು ಬಾಯಿ ಮಡಿಸಿ, ಬಾಳೆಹಣ್ಣಿನ ಎಥಿಲೀನ್ ಉಳಿದವನ್ನೂ ಮಾಗಿಸುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ತೊಟ್ಟಿನ ಕಡೆಯಿಂದ ಕೊಳೆಯುತ್ತದೆ. ಹಣ್ಣಾದ ಮೇಲೆ ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡಿದ ಮಾವು ಮೇಲೆಲ್ಲ ಒಂದೇ ಸಮ ಹಳದಿಯಾಗಿದ್ದೂ ತೊಟ್ಟಿನ ಬಳಿ ಪರಿಮಳವಿರುವುದಿಲ್ಲ, ಕೊಯ್ದರೆ ಓಟೆಯ ಸುತ್ತ ಬಿಳಿಚಿ ಹುಳಿಯಾಗಿರುತ್ತದೆ. ಆ ರಾಸಾಯನಿಕದಲ್ಲಿ ಆರ್ಸೆನಿಕ್, ರಂಜಕದ ಕಲಬೆರಕೆ ಇರುವುದುಂಟು. ಅನುಮಾನ ಬಂದ ಹಣ್ಣನ್ನು ಮನೆಗೆ ತರಬೇಡಿ.

ತೊಳೆಯುವುದಕ್ಕೆ ಸೋಪು ಬೇಡ. ಹರಿಯುವ ನೀರಿನಲ್ಲಿ ಅರ್ಧ ನಿಮಿಷ ಕೈಯಿಂದ ಉಜ್ಜಿದರೆ ಮಣ್ಣು ಮತ್ತು ಬಹುಪಾಲು ಸೂಕ್ಷ್ಮಾಣು ಹೋಗುತ್ತವೆ. ಸೇಬಿನ ಮೇಲ್ಮೈಯ ಕೀಟನಾಶಕಕ್ಕೆ ಅಡುಗೆ ಸೋಡಾ ನೀರು ಕೆಲಸ ಮಾಡುತ್ತದೆ ಎಂದು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ 2017ರ ಪ್ರಯೋಗ ತೋರಿಸಿತು. ಲೀಟರಿಗೆ 10 ಗ್ರಾಂ, ಅಂದರೆ ಸುಮಾರು ಎರಡು ಚಹಾ ಚಮಚ ಸೋಡಾ ಕರಗಿಸಿ 12ರಿಂದ 15 ನಿಮಿಷ ಮುಳುಗಿಸಿಟ್ಟು ಮತ್ತೆ ತೊಳೆಯಬೇಕು. ಸಿಪ್ಪೆಯೊಳಗೆ ಇಳಿದದ್ದು ಇದರಿಂದ ಹೋಗುವುದಿಲ್ಲ. ಕಲ್ಲಂಗಡಿ, ಕರಬೂಜವನ್ನು ಕತ್ತರಿಸುವ ಮೊದಲೇ ತೊಳೆಯಿರಿ, ಇಲ್ಲದಿದ್ದರೆ ಚಾಕು ಸಿಪ್ಪೆಯ ಕೊಳೆಯನ್ನು ತಿರುಳಿಗೆ ಎಳೆದೊಯ್ಯುತ್ತದೆ. ಕತ್ತರಿಸಿದ ಹಣ್ಣು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಬಿರುಬೇಸಿಗೆಯಲ್ಲಿ ಒಂದು ಗಂಟೆ. ದ್ರಾಕ್ಷಿಯ ಮೇಲಿನ ಬಿಳಿ ಪುಡಿಯಂಥ ಲೇಪ ಹೆಚ್ಚಾಗಿ ಹಣ್ಣಿನದೇ ಮೇಣ. ಹೇಗೂ ತೊಳೆದೇ ತಿನ್ನುವುದರಿಂದ ಅದಕ್ಕೆ ಹೆದರಬೇಕಿಲ್ಲ.

ಈಗ ನಿಮ್ಮ ಶುಗರ್. ಹಣ್ಣಿನ ಒಂದು ಅಳತೆ ಎಂದರೆ ಸುಮಾರು 15 ಗ್ರಾಂ ಕಾರ್ಬೋಹೈಡ್ರೇಟ್ ಕೊಡುವಷ್ಟು ಹಣ್ಣು. ತಿನ್ನುವ ಭಾಗದ ತೂಕದಲ್ಲಿ ಹೇಳುವುದಾದರೆ ಕಲ್ಲಂಗಡಿ 200 ಗ್ರಾಂ, ಪಪ್ಪಾಯ 140, ಕಿತ್ತಳೆ 125, ಸೇಬು 110, ಸೀಬೆ 100, ಮಾವು 100, ದ್ರಾಕ್ಷಿ 80, ದಾಳಿಂಬೆ ಕಾಳು 80, ಸಪೋಟ 75, ಬಾಳೆಹಣ್ಣು, ಸೀತಾಫಲ, ಹಲಸಿನ ತೊಳೆ ತಲಾ 65. ಅಡುಗೆಮನೆಯ ತಕ್ಕಡಿಯಲ್ಲಿ ಒಂದು ವಾರ ತೂಗಿ ನೋಡಿ, ಆಮೇಲೆ ಕಣ್ಣಳತೆ ಬಂದುಬಿಡುತ್ತದೆ. ಹೆಚ್ಚಿನವರಿಗೆ ಅಚ್ಚರಿ ಎನಿಸುವುದು ಸೀತಾಫಲ ಮತ್ತು ಹಲಸು. ಬೇಸಿಗೆಯಲ್ಲಿ ತಟ್ಟೆ ತುಂಬ ತೊಳೆ ಬಿಡಿಸಿಕೊಂಡು ಕೂತರೆ ಗೊತ್ತಾಗದಂತೆ ಐದಾರು ಅಳತೆ ಮುಗಿದಿರುತ್ತದೆ. ಮಾವಿನ ಮೇಲೆ ಇರುವಷ್ಟು ಹೆದರಿಕೆ ಇವುಗಳ ಮೇಲೆ ಯಾರಿಗೂ ಇಲ್ಲ. ಮಾವು ಬಿಡಬೇಕಿಲ್ಲ, ಒಂದು ಸಲಕ್ಕೆ 100 ಗ್ರಾಂ ತಿರುಳಿಗೆ ನಿಲ್ಲಿಸಬೇಕು. ಆ ದಿನದ ಇನ್ನೊಂದು ಅಳತೆ ಸೀಬೆಯೋ ಪಪ್ಪಾಯವೋ ಆಗಲಿ.

ಗ್ಲೈಸೆಮಿಕ್ ಸೂಚ್ಯಂಕದ ಪಟ್ಟಿ ನೋಡಿ ಕಲ್ಲಂಗಡಿ ಬಿಟ್ಟವರೂ ಇದ್ದಾರೆ. ಆ ಸೂಚ್ಯಂಕ ಅಳೆಯುವುದು 50 ಗ್ರಾಂ ಕಾರ್ಬೋಹೈಡ್ರೇಟ್ ಸಿಗುವಷ್ಟು ತಿಂದಾಗ ರಕ್ತದ ಸಕ್ಕರೆ ಎಷ್ಟು ಏರುತ್ತದೆ ಎಂಬುದನ್ನು. ಕಲ್ಲಂಗಡಿಯ ಶೇ 91ರಷ್ಟು ನೀರೇ ಆಗಿರುವುದರಿಂದ ಅಷ್ಟು ಸಿಗಬೇಕಾದರೆ 600 ಗ್ರಾಂಗೂ ಹೆಚ್ಚು ತಿನ್ನಬೇಕು. 200 ಗ್ರಾಂ ತಿಂದರೆ ದೊಡ್ಡ ಏರಿಕೆ ಬರುವುದಿಲ್ಲ. ಬಾಳೆಹಣ್ಣಿನಲ್ಲಿ ಮಾಗಿದ ಹದ ಲೆಕ್ಕಕ್ಕೆ ಬರುತ್ತದೆ. ತುದಿ ಇನ್ನೂ ಹಸಿರಾಗಿರುವ ಹಣ್ಣಿನ ಪಿಷ್ಟದಲ್ಲಿ ಒಂದಷ್ಟು ಜೀರ್ಣವಾಗದೆ ಕರುಳಿನ ಬ್ಯಾಕ್ಟೀರಿಯಾಗೆ ಆಹಾರವಾಗುತ್ತದೆ. ಕಪ್ಪು ಚುಕ್ಕೆ ಬಂದ ಹೊತ್ತಿಗೆ ಅದೆಲ್ಲ ಸಕ್ಕರೆಯಾಗಿರುತ್ತದೆ.

ಜ್ಯೂಸ್ ಬಿಡಿ ಎಂದದ್ದಕ್ಕೆ ಕಾರಣವಿದೆ. 200 ಮಿಲಿಲೀಟರ್ ಕಿತ್ತಳೆ ರಸಕ್ಕೆ ಮೂರರಿಂದ ನಾಲ್ಕು ಹಣ್ಣು ಬೇಕು, ಅದರಲ್ಲಿ ಸಕ್ಕರೆ ಹಾಕದಿದ್ದರೂ ಸುಮಾರು 17 ಗ್ರಾಂ ಸಕ್ಕರೆ ಇರುತ್ತದೆ, ನಾರು ಸೋಸುವಾಗಲೇ ಹೋಗಿರುತ್ತದೆ. ಮೂರು ಹಣ್ಣು ಬಿಡಿಸಿ ತಿನ್ನಲು ಹದಿನೈದು ನಿಮಿಷ ಹಿಡಿಯುತ್ತದೆ, ಲೋಟ ಖಾಲಿಯಾಗಲು ಅರ್ಧ ನಿಮಿಷ ಸಾಕು. ವಿಶ್ವ ಆರೋಗ್ಯ ಸಂಸ್ಥೆ ತನ್ನ 2015ರ ಮಾರ್ಗಸೂಚಿಯಲ್ಲಿ ಹಣ್ಣಿನ ರಸದ ಸಕ್ಕರೆಯನ್ನು ಜೇನು, ಪಾನಕದ ಸಕ್ಕರೆಯ ಸಾಲಿಗೇ ಸೇರಿಸಿದೆ, ಇಡೀ ಹಣ್ಣಿನೊಳಗಿನ ಸಕ್ಕರೆಯನ್ನು ಸೇರಿಸಿಲ್ಲ. 1,87,000ಕ್ಕೂ ಹೆಚ್ಚು ಅಮೆರಿಕನ್ನರ ದೀರ್ಘಕಾಲದ ಮಾಹಿತಿಯನ್ನು ಪರಿಶೀಲಿಸಿ 2013ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲೂ ಇದೇ ಕಂಡಿತು. ಬ್ಲೂಬೆರಿ, ದ್ರಾಕ್ಷಿ, ಸೇಬನ್ನು ಇಡಿಯಾಗಿ ಹೆಚ್ಚು ತಿನ್ನುವವರಲ್ಲಿ ಟೈಪ್ 2 ಮಧುಮೇಹ ಕಡಿಮೆ, ಹಣ್ಣಿನ ರಸ ಹೆಚ್ಚು ಕುಡಿಯುವವರಲ್ಲಿ ಜಾಸ್ತಿ. ಇಂಥ ಅಧ್ಯಯನ ನೇರ ಕಾರಣವನ್ನು ಸಾಬೀತು ಮಾಡುವುದಿಲ್ಲವಾದರೂ, ನಾರು ಹೋದ ಸಕ್ಕರೆ ಬೇಗ ರಕ್ತಕ್ಕೆ ಸೇರುತ್ತದೆ ಎಂಬುದಕ್ಕೆ ಹೊಂದಿಕೊಳ್ಳುತ್ತದೆ.

ಊಟಕ್ಕೆ ಮೊದಲೋ ನಂತರವೋ ಎಂದು ಕೇಳಿದ್ದೀರಿ. ಊಟದ ಮೇಲೆ ಹಣ್ಣು ತಿಂದರೆ ಹೊಟ್ಟೆಯಲ್ಲಿ ಕೊಳೆಯುತ್ತದೆ ಎಂಬುದು ಸುಳ್ಳು. ಜಠರದ ಕಡು ಆಮ್ಲದಲ್ಲಿ ಯಾವುದೂ ಹಾಗೆ ಕೊಳೆಯುವುದಿಲ್ಲ. ನಿಮಗೆ ಬೇರೆ ಕಾರಣಕ್ಕೆ ಹೊತ್ತು ಮುಖ್ಯ. ಅನ್ನ, ಚಪಾತಿಯ ಊಟದ ಕೊನೆಗೆ ಹಣ್ಣು ಸೇರಿಸಿದರೆ ಒಂದೇ ಹೊತ್ತಿಗೆ ಕಾರ್ಬೋಹೈಡ್ರೇಟ್ ಹೊರೆ ಹೆಚ್ಚುತ್ತದೆ. ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಒಂದು ಅಳತೆ, ಸಂಜೆ ನಾಲ್ಕೈದರ ಹೊತ್ತಿಗೆ ಇನ್ನೊಂದು ಅಳತೆ ಇಟ್ಟುಕೊಳ್ಳಿ. ಎರಡು ಸಲವೂ ಜೊತೆಗೆ 15 ಗ್ರಾಂ ಬೀಜ ಇರಲಿ. ಬೀಜದ ಕೊಬ್ಬು, ಪ್ರೋಟೀನ್ ಜಠರ ಖಾಲಿಯಾಗುವುದನ್ನು ನಿಧಾನಿಸಿ ಸಕ್ಕರೆಯ ಏರಿಕೆಯನ್ನು ತಗ್ಗಿಸುತ್ತವೆ. ಮಾವು, ಪಪ್ಪಾಯದ ಕೆರೋಟಿನ್ ಕೊಬ್ಬಿನಲ್ಲಿ ಮಾತ್ರ ಕರಗುವುದರಿಂದ ಕರುಳು ಅದನ್ನು ಹೀರಿಕೊಳ್ಳಲು ಅದೇ ಹೊತ್ತಿನಲ್ಲಿ ಮೂರರಿಂದ ಐದು ಗ್ರಾಂ ಕೊಬ್ಬು ಬೇಕು, ಎಂಟು ಹತ್ತು ಬಾದಾಮಿಯಲ್ಲಿ ಅಷ್ಟಿದೆ. ಬೀಜದಲ್ಲಿರುವ ಫೈಟಿಕ್ ಆಮ್ಲ ಕಬ್ಬಿಣದ ಹೀರಿಕೆಗೆ ಅಡ್ಡ ಬರುತ್ತದೆ. ಸೀಬೆ, ಕಿತ್ತಳೆಯ ವಿಟಮಿನ್ ಸಿ ಆ ಅಡ್ಡಿಯನ್ನು ಬಹುಮಟ್ಟಿಗೆ ಬಿಡಿಸುತ್ತದೆ. ಹಣ್ಣು, ಬೀಜ ಎರಡನ್ನೂ ಒಟ್ಟಿಗೆ ತಿನ್ನಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ನಿಮ್ಮ ದೇಹಕ್ಕೆ ಯಾವ ಹಣ್ಣು ಹೇಗೆ ಎಂದು ತಿಳಿಯಬೇಕಾದರೆ ಗ್ಲೂಕೋಮೀಟರ್‌ನಲ್ಲಿ ತಿನ್ನುವ ಮೊದಲೊಮ್ಮೆ, ತಿಂದ ಎರಡು ಗಂಟೆಗೊಮ್ಮೆ ನೋಡಿ. ಎರಡು ಗಂಟೆಯ ಅಳತೆ 140 ದಾಟುತ್ತಿದ್ದರೆ ಆ ಹಣ್ಣನ್ನು ಅರ್ಧಕ್ಕಿಳಿಸಿ ಇನ್ನೊಂದು ದಿನ ನೋಡಿ. ಒಂದೇ ದಿನದ ಅಂಕಿಯಿಂದ ತೀರ್ಮಾನ ಬೇಡ. ಹಿಂದಿನ ರಾತ್ರಿಯ ನಿದ್ದೆಗೆಟ್ಟಿದ್ದರೂ ಅದು ಏರುತ್ತದೆ.

ಬೀಜಗಳಿಗೂ ಸುಗ್ಗಿಯಿದೆ. ಭೂಮಿಯ ಉತ್ತರಾರ್ಧದಲ್ಲಿ ಬಾದಾಮಿ, ಪಿಸ್ತಾ, ಅಕ್ರೋಟ್ ಆಗಸ್ಟ್‌ನಿಂದ ನವೆಂಬರ್ ಒಳಗೆ ಕೊಯ್ಲಿಗೆ ಬರುತ್ತವೆ. ಆದರೆ ಒಣಗಿಸಿದ ಬೀಜಕ್ಕೆ ಯಾವ ತಿಂಗಳಲ್ಲಿ ತಿಂದಿರಿ ಎಂಬುದಕ್ಕಿಂತ ಹೇಗೆ ಇಟ್ಟಿದ್ದರು ಎಂಬುದೇ ದೊಡ್ಡದು. ಅಕ್ರೋಟಿನ ಕೊಬ್ಬು ಬಹುತೇಕ ಬಹು ಅಪರ್ಯಾಪ್ತ ಬಗೆಯದು. ಹೃದಯಕ್ಕೆ ಒಳ್ಳೆಯದು ಎನ್ನಿಸಿಕೊಳ್ಳುವ ಅದೇ ಕೊಬ್ಬು ಗಾಳಿ, ಬೆಳಕು, ಶಾಖ ತಾಗಿದರೆ ಎಲ್ಲಕ್ಕಿಂತ ಬೇಗ ಕಮಟುತ್ತದೆ. ಕೊಳ್ಳುವಾಗ ಒಂದನ್ನು ಮುರಿದು ನೋಡಿ. ಒಳ್ಳೆಯ ಅಕ್ರೋಟ್ ಪಟ್ಟನೆ ಮುರಿಯುತ್ತದೆ, ಒಳಗೆ ಕೆನೆಬಣ್ಣ, ಕಚ್ಚಿದರೆ ಮೊದಲು ಸಿಹಿ, ಆಮೇಲೆ ಸಿಪ್ಪೆಯ ಸಣ್ಣ ಒಗರು. ಹಳತಾದದ್ದು ಬಾಗುತ್ತದೆ, ಒಳಗೆ ಎಣ್ಣೆ ಹೀರಿದ ಕಾಗದದಂತೆ ಹಳದಿ ಮಿಶ್ರಿತವಾಗಿ ಹೊಳೆಯುತ್ತದೆ, ಹಳೆಯ ಎಣ್ಣೆಯ ವಾಸನೆ ಬರುತ್ತದೆ, ಗಂಟಲಲ್ಲಿ ಕಹಿ ಉಳಿಯುತ್ತದೆ. ಬಾದಾಮಿಯನ್ನು ಉದ್ದಕ್ಕೆ ಸೀಳಿದರೆ ಒಳಗೆ ಒಂದೇ ಸಮ ಬಿಳಿಯಿರಬೇಕು. ನಡುವೆ ಹಳದಿ, ಕಂದು ಇದ್ದರೆ ಬೇಡ. ಮನೆಗೆ ತಂದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟರೆ ಆರು ತಿಂಗಳು, ಫ್ರೀಜರ್‌ನಲ್ಲಿ ವರ್ಷ ನಿಲ್ಲುತ್ತದೆ. ಒಲೆಯ ಪಕ್ಕದ ಗಾಜಿನ ಭರಣಿ ಇದಕ್ಕೆ ತೀರ ಕೆಟ್ಟ ಜಾಗ.

ಕಮಟು ಬಾಯಿಗೆ ಗೊತ್ತಾಗುತ್ತದೆ, ಅಫ್ಲಾಟಾಕ್ಸಿನ್ ಗೊತ್ತಾಗುವುದಿಲ್ಲ. ತೇವ ಸೇರಿದ ಕಡಲೆಕಾಯಿ, ಪಿಸ್ತಾ, ಬಾದಾಮಿಯ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಬೂಷ್ಟು ಬಿಡುವ ಈ ವಿಷ ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗುತ್ತದೆ. ಮನೆಯಲ್ಲಿ ಹುರಿದರೆ ಪೂರ್ತಿ ನಾಶವಾಗುವುದಿಲ್ಲ. ಸುಕ್ಕಾದ, ಬಣ್ಣಗೆಟ್ಟ, ಮುಗ್ಗಲು ವಾಸನೆಯ ಕಾಳನ್ನು ಆರಿಸಿ ಎಸೆಯಿರಿ, ಬೂಷ್ಟು ಕಂಡರೆ ಇಡೀ ಪೊಟ್ಟಣವನ್ನೇ. ತೊಳೆದು, ಬಿಸಿಲಿಗಿಟ್ಟು ಬಳಸುವ ಉಳಿತಾಯ ಬೇಡ. ಬಾದಾಮಿ ಬಾಯಲ್ಲಿ ಕಟುಕಹಿ ಎನಿಸಿದರೆ ಉಗಿದುಬಿಡಿ. ಕಹಿ ಬಾದಾಮಿಯ ಅಮಿಗ್ಡಲಿನ್‌ನಿಂದ ಸಯನೈಡ್ ಬಿಡುಗಡೆಯಾಗುತ್ತದೆ.

30 ಗ್ರಾಂ ಎಂದರೆ 10 ಬಾದಾಮಿ, ಅಕ್ರೋಟಿನ 4 ಅರ್ಧ ಹೋಳು, 15 ಪಿಸ್ತಾ, ಇಷ್ಟೂ ಸೇರಿ. ಇದನ್ನೇ ಎರಡು ಸಲಕ್ಕೆ ಹಂಚಿಕೊಳ್ಳಿ. ಪಿಸ್ತಾ ದುಬಾರಿಯಾದರೆ ಅದರ ಬದಲು ಎಂಟು ಹತ್ತು ಗ್ರಾಂ ಕಡಲೆಕಾಯಿ ಬೀಜ ಹಾಕಿಕೊಳ್ಳಿ. ಸಸ್ಯಶಾಸ್ತ್ರದಲ್ಲಿ ಅದು ದ್ವಿದಳ ಧಾನ್ಯ, ಪೋಷಣೆಯಲ್ಲಿ ಈ ಸಾಲಿನದೇ, 100 ಗ್ರಾಂಗೆ ಸುಮಾರು 26 ಗ್ರಾಂ ಪ್ರೋಟೀನ್. ಬಾದಾಮಿಯ ಹೆಚ್ಚುಗಾರಿಕೆ ವಿಟಮಿನ್ ಇ: 28 ಗ್ರಾಂನಲ್ಲಿ 7 ಮಿಲಿಗ್ರಾಂಗೂ ಹೆಚ್ಚು, ದಿನದ ಅಗತ್ಯದ ಸುಮಾರು ಅರ್ಧ. ಅಕ್ರೋಟಿನದು ಒಮೆಗಾ-3 ಬಗೆಯ ಆಲ್ಫಾ ಲಿನೊಲೆನಿಕ್ ಆಮ್ಲ, ಅದೇ ತೂಕಕ್ಕೆ 2.5 ಗ್ರಾಂ. ಬ್ರೆಜಿಲ್ ನಟ್ ತಿನ್ನುವುದಾದರೆ ದಿನಕ್ಕೆ ಒಂದು ಸಾಕು. ಅದರ ಸೆಲೆನಿಯಂ ಬಹಳ ಜಾಸ್ತಿ, ಹಿಡಿಗಟ್ಟಲೆ ತಿಂದರೆ ಕೂದಲು ಉದುರುತ್ತದೆ, ಉಗುರು ಹಾಳಾಗುತ್ತದೆ.

ಬೀಜ ತಿಂದರೆ ಎಲ್‌ಡಿಎಲ್ ಏರುವುದಿಲ್ಲ, ಇಳಿಯುತ್ತದೆ. 25 ಪ್ರಯೋಗಗಳನ್ನು ಒಟ್ಟುಗೂಡಿಸಿದ 2010ರ ವಿಶ್ಲೇಷಣೆಯಲ್ಲಿ ದಿನಕ್ಕೆ ಸರಾಸರಿ 67 ಗ್ರಾಂ ಬೀಜ ತಿಂದವರ ಎಲ್‌ಡಿಎಲ್ ಶೇ 7.4 ಇಳಿದಿತ್ತು. ನಿಮ್ಮದು 30 ಗ್ರಾಂ, ಅಷ್ಟು ನಿರೀಕ್ಷಿಸಬೇಡಿ. ಸ್ಪೇನ್‌ನಲ್ಲಿ 7,447 ಜನರ ಮೇಲೆ ನಡೆದ ಪ್ರೆಡಿಮೆಡ್ ಪ್ರಯೋಗದಲ್ಲಿ ಒಂದು ಗುಂಪಿಗೆ ಮೆಡಿಟರೇನಿಯನ್ ಬಗೆಯ ಊಟದ ಜೊತೆ ದಿನಕ್ಕೆ 30 ಗ್ರಾಂ ಬೀಜ ಕೊಟ್ಟಿದ್ದರು: 15 ಗ್ರಾಂ ಅಕ್ರೋಟ್, 7.5 ಗ್ರಾಂ ಬಾದಾಮಿ, 7.5 ಗ್ರಾಂ ಹೇಝಲ್‌ನಟ್. ಹೃದಯಾಘಾತ, ಪಾರ್ಶ್ವವಾಯು, ಹೃದಯ ಕಾಯಿಲೆಯ ಸಾವು ಒಟ್ಟಾಗಿ ಸುಮಾರು ಶೇ 30 ಕಡಿಮೆಯಾದವು. 2013ರ ಆ ವರದಿಯಲ್ಲಿ ಜನರನ್ನು ಗುಂಪುಗಳಿಗೆ ಹಂಚಿದ ರೀತಿಯಲ್ಲಿ ದೋಷ ಕಂಡು ಹಿಂತೆಗೆದುಕೊಂಡು, 2018ರಲ್ಲಿ ತಿದ್ದಿ ಮತ್ತೆ ಪ್ರಕಟಿಸಿದರು. ಫಲಿತಾಂಶ ಹೆಚ್ಚೂ ಕಡಿಮೆ ಅದೇ ಉಳಿಯಿತು.

ತೂಕದ ಭಯಕ್ಕೂ ಒಂದು ಮಾತು. 28 ಗ್ರಾಂ ಬಾದಾಮಿಗೆ ಪೊಟ್ಟಣದ ಲೆಕ್ಕ ಸುಮಾರು 165–170 ಕ್ಯಾಲೊರಿ. ದೇಹಕ್ಕೆ ನಿಜವಾಗಿ ದಕ್ಕುವುದು 129ರಷ್ಟೇ ಎಂದು ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು 2012ರಲ್ಲಿ ಅಳೆದು ತೋರಿಸಿದರು. ಗಟ್ಟಿ ಕೋಶಗಳೊಳಗೆ ಸಿಕ್ಕ ಕೊಬ್ಬಿನ ಒಂದು ಪಾಲು ಜೀರ್ಣವಾಗದೆ ಹೊರಹೋಗುತ್ತದೆ. ಹಾಗೆಂದು ಇರುವ ಊಟದ ಮೇಲೆ ಬೀಜ ಸೇರಿಸುತ್ತ ಹೋದರೆ ತೂಕ ಏರಬಹುದು. ಬಿಸ್ಕತ್ತು, ಕರಿದ ತಿಂಡಿಯ ಜಾಗಕ್ಕೆ ಬಂದರೆ ಮಾತ್ರ ಲಾಭ. ಎಣ್ಣೆಯಲ್ಲಿ ಹುರಿದು ಉಪ್ಪು ಸವರಿದ್ದು, ಜೇನು ಲೇಪಿಸಿದ್ದು ನಿಮ್ಮ ಪಟ್ಟಿಯಲ್ಲಿ ಇರಬಾರದು. ಮನೆಯಲ್ಲಿ ಹುರಿಯುವುದಾದರೆ ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ, ಪರಿಮಳ ಬಂದ ಕೂಡಲೇ ಇಳಿಸಿ. ಕಡುಕಂದು ಬಣ್ಣ ಬರುವವರೆಗೆ ಹುರಿದ ಬಾದಾಮಿಯಲ್ಲಿ ಅಕ್ರಿಲಮೈಡ್ ಎಂಬ ಹಾನಿಕರ ರಾಸಾಯನಿಕ ಹೆಚ್ಚುತ್ತದೆ.

ಬಾದಾಮಿ ನೆನೆಸಲೇಬೇಕೆಂದಿಲ್ಲ. ಇಡೀ ಬಾದಾಮಿಯನ್ನು ರಾತ್ರಿಯೆಲ್ಲ ನೆನೆಸಿದರೂ ಫೈಟಿಕ್ ಆಮ್ಲ ಇಳಿಯುವುದು ಅತ್ಯಲ್ಪ. ಸಿಪ್ಪೆ ಸುಲಿದರೆ ನಾರು ಮತ್ತು ಪಾಲಿಫಿನಾಲ್‌ಗಳ ಒಳ್ಳೆಯ ಪಾಲು ಕಸಕ್ಕೆ ಹೋಗುತ್ತದೆ. ಹಲ್ಲು ಸರಿಯಿಲ್ಲದವರಿಗೆ ಮೆತ್ತಗಾಗುತ್ತದೆ ಎಂಬುದೇ ನೆನೆಸುವುದರ ಪ್ರಯೋಜನ. ನೆನೆಸಿದ್ದನ್ನು ಅದೇ ದಿನ ತಿನ್ನಿ, ಒದ್ದೆ ಬೀಜ ಬೇಗ ಕೆಡುತ್ತದೆ.

ಒಣದ್ರಾಕ್ಷಿ, ಖರ್ಜೂರ, ಅಂಜೂರವನ್ನು ಬೀಜಗಳ ಜೊತೆ ಒಂದೇ ಡಬ್ಬಿಯಲ್ಲಿ ಹಾಕುವ ಅಭ್ಯಾಸ ಬಿಡಿ. 100 ಗ್ರಾಂ ದ್ರಾಕ್ಷಿಗೆ 69 ಕ್ಯಾಲೊರಿ, ಒಣದ್ರಾಕ್ಷಿಗೆ 299. ನಿಮಗೆ ಒಂದು ದೊಡ್ಡ ಚಮಚ ಒಣದ್ರಾಕ್ಷಿ ಅರ್ಧ ಅಳತೆ ಹಣ್ಣಿಗೆ ಸಮ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಇಷ್ಟು ದಿನ ಹಣ್ಣು, ಬೀಜ ಕಡಿಮೆ ತಿನ್ನುತ್ತಿದ್ದರೆ ಮೊದಲ ವಾರ ಅರ್ಧದಿಂದ ಶುರು ಮಾಡಿ. ಒಮ್ಮೆಲೇ ನಾರು ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಸೇಬು, ಪೇರ್, ಮಾವು ತಿಂದಾಗ ಮಾತ್ರ ಗ್ಯಾಸ್, ಭೇದಿ ಆಗುತ್ತಿದ್ದರೆ ಅವುಗಳ ಫ್ರಕ್ಟೋಸ್, ಸಾರ್ಬಿಟಾಲ್ ನಿಮ್ಮ ಕರುಳಿಗೆ ಒಗ್ಗುತ್ತಿಲ್ಲ. ಕಿತ್ತಳೆ, ಪಪ್ಪಾಯಕ್ಕೆ ಬದಲಿಸಿ ನೋಡಿ. ಗೋಡಂಬಿ, ಪಿಸ್ತಾ ಕೂಡ ಇಂಥವರಿಗೆ ಉಬ್ಬರ ತರುತ್ತವೆ, ಅಕ್ರೋಟ್ ಅಷ್ಟಾಗಿ ತರುವುದಿಲ್ಲ. ಮೂತ್ರದಲ್ಲಿ ಆಕ್ಸಲೇಟ್ ಕಲ್ಲು ಬಂದ ಇತಿಹಾಸವಿದ್ದರೆ ಬಾದಾಮಿ, ಗೋಡಂಬಿ ಕಡಿಮೆ ಮಾಡಿ.

ನಿಮ್ಮ ತಾಯಿಯವರ ವಿಷಯದಲ್ಲಿ ಪೊಟ್ಯಾಸಿಯಂ ನೋಡಬೇಕು. ಆರೋಗ್ಯವಂತರಿಗೆ ಅದು ಬಿಪಿ ಇಳಿಸುವ ಸ್ನೇಹಿತ. ಕಿಡ್ನಿ ನಿಧಾನವಾದಾಗ ಅದು ರಕ್ತದಲ್ಲಿ ಉಳಿದು ಹೃದಯದ ಬಡಿತವನ್ನೇ ತಪ್ಪಿಸಬಲ್ಲದು. ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಅವರ ಇತ್ತೀಚಿನ ಕ್ರಿಯಾಟಿನಿನ್, ಇಜಿಎಫ್‌ಆರ್ (ಎರಡೂ ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ತಿಳಿಸುವ ಪರೀಕ್ಷೆಗಳು), ಪೊಟ್ಯಾಸಿಯಂ ವರದಿಯನ್ನು ವೈದ್ಯರಿಗೆ ತೋರಿಸಿ ಹಣ್ಣಿನ ಮಿತಿ ಕೇಳಿ. ಪೊಟ್ಯಾಸಿಯಂ 3.5ರಿಂದ 5ರೊಳಗೆ ಇದ್ದರೆ ಹಣ್ಣು ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಏರಿದ್ದರೆ 100 ಗ್ರಾಂಗೆ 110 ಮಿಲಿಗ್ರಾಂ ಆಸುಪಾಸು ಇರುವ ಸೇಬು, ಅನಾನಸ್, ಪೇರ್ ಆರಿಸಿಕೊಳ್ಳಬೇಕು. 350ರಿಂದ 450ರವರೆಗೆ ಇರುವ ಬಾಳೆಹಣ್ಣು, ಸೀಬೆ, ಹಲಸು, 650 ದಾಟುವ ಖರ್ಜೂರ, 1,000 ದಾಟುವ ಪಿಸ್ತಾ ದೂರವಿಡಬೇಕು. ಕಲ್ಲಂಗಡಿ ಗ್ರಾಂ ಲೆಕ್ಕದಲ್ಲಿ ಕಡಿಮೆಯೇ, ಆದರೆ ಯಾರೂ 100 ಗ್ರಾಂಗೆ ನಿಲ್ಲಿಸುವುದಿಲ್ಲ. ಕಮರದ್ರಾಕ್ಷಿ, ಅಂದರೆ ಸ್ಟಾರ್ ಫ್ರೂಟ್ ಅನ್ನು ಮಾತ್ರ ಒಂದು ತುಂಡೂ ಕೊಡಬೇಡಿ. ಅದರಲ್ಲಿರುವ ನರವಿಷ ಕಿಡ್ನಿ ಕುಂದಿದವರಲ್ಲಿ ಬಿಡದ ಬಿಕ್ಕಳಿಕೆ, ಗೊಂದಲ, ಅಪಸ್ಮಾರ, ಕೆಲವೊಮ್ಮೆ ಸಾವನ್ನೂ ತಂದಿದೆ. ಗ್ರೇಪ್‌ಫ್ರೂಟ್ ಮತ್ತು ಚಕ್ಕೋತ ಕರುಳಿನ ಒಂದು ಕಿಣ್ವವನ್ನು ತಡೆದು ಕೆಲವು ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತವೆ. ಫೆಲೋಡಿಪಿನ್, ನಿಫೆಡಿಪಿನ್ ತೆಗೆದುಕೊಳ್ಳುವವರು ಇವುಗಳಿಂದ ದೂರವಿರಬೇಕು. ಮುಂದೆ ನಿಮಗೇ ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್ ಬರೆದುಕೊಟ್ಟರೆ ನಿಮಗೂ ಇದು ಅನ್ವಯಿಸುತ್ತದೆ. ಬೆಳಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂದು ಹೊತ್ತು ಬದಲಿಸಿದರೆ ಸಾಲದು, ಪರಿಣಾಮ ಒಂದು ದಿನಕ್ಕೂ ಮೀರಿ ಉಳಿಯುತ್ತದೆ.

ಮಗಳಿಗೆ ಐದು ವರ್ಷ ತುಂಬುವವರೆಗೆ ಇಡೀ ಬೀಜ, ಬೀಜದ ಚೂರು ಎರಡೂ ಬೇಡ. ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತವೆ. ನುಣ್ಣಗೆ ಪುಡಿ ಮಾಡಿ ಗಂಜಿ, ಮೊಸರಿಗೆ ಒಂದೆರಡು ಚಹಾ ಚಮಚ ಬೆರೆಸಿ, ಅಥವಾ ನುಣುಪಾದ ಬೀಜದ ಬೆಣ್ಣೆಯನ್ನು ತೆಳ್ಳಗೆ ಸವರಿ ಕೊಡಿ. ಚಮಚದಲ್ಲಿ ಮುದ್ದೆಯಾಗಿ ಕೊಟ್ಟರೆ ಅದೂ ಗಂಟಲಿಗೆ ಅಂಟುತ್ತದೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ, ಅಡ್ಡಕ್ಕೆ ಕತ್ತರಿಸಿದ ದುಂಡು ಬಿಲ್ಲೆ ನಾಳಕ್ಕೆ ಮುಚ್ಚಳದಂತೆ ಕೂರುತ್ತದೆ. ಸೇಬನ್ನು ತುರಿದೋ ಬೇಯಿಸಿಯೋ ಕೊಡಿ. ಕೂರಿಸಿ ತಿನ್ನಿಸಿ, ಓಡಾಡುತ್ತ ತಿನ್ನುವುದು ಬೇಡ. ಹೊಸ ಬೀಜವನ್ನು ಒಂದೊಂದಾಗಿ, ಹಗಲಿನಲ್ಲಿ, ಕಾಲು ಚಮಚದಿಂದ ಶುರು ಮಾಡಿ ಎರಡು ಗಂಟೆ ಗಮನಿಸಿ. ಗೋಡಂಬಿ, ಪಿಸ್ತಾ ಒಂದೇ ಕುಟುಂಬದವು, ಒಂದಕ್ಕೆ ಅಲರ್ಜಿ ಇದ್ದರೆ ಇನ್ನೊಂದಕ್ಕೂ ಇರುವ ಸಾಧ್ಯತೆ ಹೆಚ್ಚು. ಮಾವೂ ಆ ಕುಟುಂಬದ್ದೇ, ಆದರೆ ಮಾವು ತಿಂದು ತುಟಿಯ ಸುತ್ತ ಗುಳ್ಳೆ ಬಂದರೆ ಹೆಚ್ಚಾಗಿ ತೊಟ್ಟಿನ ಸೊನೆ ಕಾರಣ. ತೊಟ್ಟು ಮುರಿದು ಸೊನೆ ಇಳಿಸಿ, ತೊಳೆದು, ಸಿಪ್ಪೆ ತೆಗೆದು ಕೊಟ್ಟರೆ ಆಗುವುದಿಲ್ಲ. ಮೈಮೇಲೆ ದದ್ದಿನ ಜೊತೆ ವಾಂತಿ, ಸ್ವರ ಬದಲಾವಣೆ, ಉಸಿರಿನ ಸದ್ದು ಕಂಡರೆ ಮನೆಯ ಮದ್ದು ಹುಡುಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ನಿಮ್ಮ ರಕ್ತಪರೀಕ್ಷೆಯನ್ನು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನವಾದ್ದರಿಂದ ಅದಕ್ಕೆ ಮೊದಲು ಎಚ್‌ಬಿಎ1ಸಿ ಬದಲಾವಣೆಯನ್ನು ಪೂರ್ತಿ ತೋರಿಸುವುದಿಲ್ಲ. ಎಲ್‌ಡಿಎಲ್ ಆಗಲೂ ಇದೇ ಮಟ್ಟದಲ್ಲಿದ್ದು ವೈದ್ಯರು ಮಾತ್ರೆ ಬೇಕೆಂದರೆ ಮಾತ್ರೆ ಶುರು ಮಾಡಿ. ಬೀಜ ಹೆಚ್ಚು ತಿಂದು ಅದನ್ನು ಮುಂದೂಡಲು ಹೋಗಬೇಡಿ.